ಮಡಕೆಯಿಂದ ಎಳೆದ ಕೈ

ಭಾನುವಾರ, ನವೆಂಬರ್ ೧೭

ಅತ್ತೆ ಮಲಗಿದ್ದಾರೆ. ನನಗೆ ನಿದ್ದೆ ಹತ್ತುತ್ತಿಲ್ಲ.

ಕಣ್ಣು ಪೂರ್ತಿ ಮಂಜಾದ ಮೇಲೆ ಅವರು ಎಲ್ಲಿಗೂ ಬರುತ್ತೇನೆಂದವರಲ್ಲ. ಇವತ್ತು ತಾವಾಗಿಯೇ ಕೇಳಿದರು, "ಮಡಕೆ ಪ್ರದರ್ಶನ ಅಂದ್ಯಲ್ಲ, ನಾನೂ ಬರ್ಲಾ?"

ಆಫ್ರಿಕಾದ ಹೆಂಗಸರು ಚಕ್ರವಿಲ್ಲದೆ, ಬರಿಗೈಯಲ್ಲಿ ಮಡಕೆ ಕಟ್ಟುವುದನ್ನು ನೋಡಿ ಕಲಿತ ಕಲಾವಿದೆಯ ಕೆಲಸ. ದಪ್ಪ ಹೊಟ್ಟೆ, ಗಿಡ್ಡ ಕತ್ತು, ಹೊಗೆ ಕುಡಿದ ಕಪ್ಪು. ಕಂಡದ್ದನ್ನೆಲ್ಲ ಹೇಳುತ್ತ ಹೋದೆ. ಅತ್ತೆ ಹೂಂಗುಟ್ಟುತ್ತ ಬಂದರು. ಕೊನೆಯ ಕೋಣೆಯಲ್ಲಿ ಸದ್ದಿಲ್ಲದೆ ಕೈ ಚಾಚಿ, ದೊಡ್ಡದೊಂದು ಮಡಕೆಯ ಗೀರುಗಳ ಮೇಲೆ ಬೆರಳಾಡಿಸಿದರು. ಮುಖ ಅರಳಿತು.

"ಬಾಚಣಿಗೆ ಎಳೆದ ಹಾಗಿದೆ ಕಣೇ!"

ಜನ ತಿರುಗಿ ನೋಡಿದರು. ನನಗೆ ಮಾನ ಹೋದ ಹಾಗಾಯಿತು. "ಮುಟ್ಬಾರ್ದು ಅತ್ತೆ! ಚಿಕ್ಕ ಮಕ್ಕಳ ಥರ ಆಡ್ತೀರಲ್ಲ" ಎಂದು ಕೈ ಎಳೆದುಬಿಟ್ಟೆ. ಅವರು ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡರು.

ಕಲಾವಿದೆ ಓಡಿಬಂದಳು. "ಅಯ್ಯೋ, ಮುಟ್ಲಿ ಬಿಡಿ. ಮುಟ್ಲಿ ಅಂತಾನೇ ಗಾಜು ಹಾಕಿಸಿಲ್ಲ. ಅಮ್ಮಾ, ಇನ್ನೊಂದ್ಸಲ ನೋಡಿ."

"ಬೇಡಮ್ಮ, ನೋಡಿದ್ದಾಯ್ತು" ಎಂದರು ಅತ್ತೆ, ನಗುತ್ತಲೇ.

ಬಸ್ಸಿನಲ್ಲಿ ತಪ್ಪಾಯಿತೆಂದೆ. "ಅದೇನು ಮಹಾ, ಬಿಡು" ಎಂದರು. ನಾಲ್ಕು ಮಾತು ಬೈದಿದ್ದರೆ ಹಗುರಾಗುತ್ತಿದ್ದೆ. ಮುಂದಿನ ವಾರ ಮತ್ತೆ ಹೋಗೋಣವೇ ಎಂದು ಕೇಳಿದೆ.

"ನೀನೇ ಹೋಗಿ ಬಾ. ಬಂದು ನಂಗೆ ಹೇಳು."

ನಮ್ಮ ನಿಲ್ದಾಣ ಬಂತು. ಯಾವಾಗಲೂ ನನ್ನ ತೋಳು ಹಿಡಿದೇ ಇಳಿಯುವವರು ಇವತ್ತು ಕಂಬಿ ತಡಕಿಕೊಂಡು, ಒಂದೊಂದೇ ಮೆಟ್ಟಿಲು ಕಾಲಲ್ಲಿ ಹುಡುಕಿಕೊಂಡು ತಾವೇ ಇಳಿದರು. ನಾನು ತೋಳು ಚಾಚಿಕೊಂಡೇ ನಿಂತಿದ್ದೆ. ಅದು ಅವರಿಗೆ ಕಾಣಲಿಲ್ಲವೋ, ಅಥವಾ ಬೇಡವೆನಿಸಿತೋ.