ಜ್ವರ ಬಾರದ ಆನೆ

ಜೂನ್ ೧೪, ಭಾನುವಾರ

ಮಗಳ ಬೊಂಬೆಗಳಿಗೆಲ್ಲ ಇವತ್ತೂ ಜ್ವರ. ನನ್ನ ಅಳತೆ ಟೇಪನ್ನೇ ಅವುಗಳ ಹಣೆಗೆ ಸುತ್ತಿ ಜ್ವರ ನೋಡುತ್ತಾಳೆ, ಒದ್ದೆ ಬಟ್ಟೆ ಹಾಕುತ್ತಾಳೆ. ಊರಿಗೆಲ್ಲ ಹರಡಿದ ರೋಗಕ್ಕೆ ಮಗು ಹೆದರಿದೆ ಎಂದುಕೊಂಡು ನಾನು ವಾರದಿಂದ ಟಿ.ವಿ.ಯಲ್ಲಿ ವಾರ್ತೆಯನ್ನೇ ಹಾಕಿಲ್ಲ. ಆದರೂ ರೋಗಿಗಳು ಕಡಿಮೆಯಾಗಿಲ್ಲ. ಹೆದರಿದವಳು ಹೀಗೆ ಹಾಡಿಕೊಂಡು ಔಷಧಿ ಕುಡಿಸುತ್ತಾಳೆಯೇ?

ಇನ್ನೊಂದು ಸೋಜಿಗ. ಬಟ್ಟೆಯ ಆನೆಗೆ ಮಾತ್ರ ಜ್ವರವೇ ಬರುವುದಿಲ್ಲ. ಅದು ನನ್ನ ಹೊಲಿಗೆ ಮೆಷಿನ್ ಪಕ್ಕ ಗೋಡೆಗೆ ಮುಖ ಮಾಡಿ ಒಂಟಿಯಾಗಿ ಕೂತಿರುತ್ತದೆ. ಇವತ್ತು ಮಾಸ್ಕ್ ಹೊಲಿಯುತ್ತಲೇ ಕೇಳಿಬಿಟ್ಟೆ.

“ಡಾಕ್ಟರಮ್ಮಾ, ಆನೆ ಯಾಕೆ ಅಷ್ಟು ಗಟ್ಟಿ?”

“ಅದಕ್ಕೆ ತುಂಬಾ ಹೊಲಿಯೋದಿದೆ. ಜ್ವರ ಬರೋಕೆ ಪುರುಸೊತ್ತಿಲ್ಲ.”

“ಉಳಿದವರಿಗೆ?”

“ಜ್ವರ ಬಂದ್ರೆ ನಾನು ಪಕ್ಕದಲ್ಲೇ ಕೂತಿರ್ತೀನಲ್ಲ, ಅದಕ್ಕೇ ಬರತ್ತೆ.”

ಮೆಷಿನ್ ತುಳಿಯುತ್ತಿದ್ದ ಕಾಲು ತಾನಾಗಿ ನಿಂತಿತು. ಹೋದ ತಿಂಗಳು ಅವಳಿಗೆ ಜ್ವರ ಬಂದಾಗ ಕೆಲಸ ಬಿಟ್ಟು ಹಗಲಿಡೀ ಮಗ್ಗುಲಲ್ಲೇ ಕೂತಿದ್ದೆ. ಸ್ಕೂಲು ಮುಚ್ಚಿದ ಮೇಲೆ ಹಾಗೆ ಕೂತದ್ದು ಅದೊಂದೇ ಸಲ. ಉಳಿದ ದಿನವೆಲ್ಲ “ಇರು ಪುಟ್ಟಿ, ಇದೊಂದು ಮುಗೀಲಿ.” ಯಾವುದು ಮುಗಿಯಿತೋ!

ಈಗ ನಿದ್ದೆ ಹೋಗಿದ್ದಾಳೆ. ಆನೆಯನ್ನು ಎತ್ತಿ ತಂದು, ಹಣೆಗೆ ಒದ್ದೆ ಬಟ್ಟೆ ಹಾಕಿ, ಅವಳ ಪಕ್ಕದಲ್ಲಿ ಮಲಗಿಸಿದ್ದೇನೆ. ಬೆಳಿಗ್ಗೆ ಟೇಪು ಸುತ್ತಿ ಏನು ಹೇಳುತ್ತಾಳೋ, ನೋಡಬೇಕು. ಡಾಕ್ಟರಮ್ಮ ಏಳು ಅನ್ನುವವರೆಗೆ ಆನೆ ಏಳುವ ಹಾಗಿಲ್ಲ.

ಮೆಷಿನ್ನಿಗೂ ಬಟ್ಟೆ ಹೊದಿಸಿಯಾಯಿತು.