ಸುಣ್ಣ ಹಾಕದ ಆರತಿ ನೀರು

೧೩ ಫೆಬ್ರವರಿ ೨೦೨೫, ಗುರುವಾರ

ಸುಣ್ಣ ಹಾಕುವ ಮೊದಲೇ ಆರತಿ ನೀರು ಕೆಂಪಾಯಿತು. ಅದೊಂದೇ ಕಣ್ಣೆದುರು ನಿಂತಿದೆ.

ನಾದಿನಿ ಸ್ಫೂರ್ತಿ ಎಂಟು ದಿನದ ಮಗುವನ್ನೆತ್ತಿಕೊಂಡು ಮಧ್ಯಾಹ್ನ ಕಡೂರಿನ ಆಸ್ಪತ್ರೆಯಿಂದ ಬಂದಳು. ಬಾಗಿಲಲ್ಲಿ ಅತ್ತೆ ತಟ್ಟೆಯ ನೀರಿಗೆ ಅರಿಶಿನ ಕಲಸಿದರು. ಅಷ್ಟಕ್ಕೇ ರಕ್ತದ ಬಣ್ಣ.

"ಸುಣ್ಣದ ಡಬ್ಬಿ ಇನ್ನೂ ಕೈಯಲ್ಲೇ ಐತೆ ಕಣೇ ಯಶೋದಾ!" ಅತ್ತೆ ಡಬ್ಬಿ ಎತ್ತಿ ತೋರಿಸಿದರು.

ಹತ್ತನೇ ತರಗತಿಗೆ ವಿಜ್ಞಾನ ಕಲಿಸುವವಳು ನಾನು. ನಕ್ಕುಬಿಟ್ಟೆ. ತಟಸ್ಥ ನೀರಿನಲ್ಲಿ ಹೈಡ್ರೋಜನ್, ಹೈಡ್ರಾಕ್ಸೈಡ್ ಅಯಾನುಗಳು ಸರಿಸಮ ಇರುತ್ತವೆ, ಅರಿಶಿನ ಹಳದಿಯಾಗಿಯೇ ಉಳಿಯುತ್ತದೆ. ಹೈಡ್ರೋಜನ್ ಹೆಚ್ಚಿದರೆ ಆಮ್ಲ, ಆಗಲೂ ಹಳದಿಯೇ. ಹೈಡ್ರಾಕ್ಸೈಡ್ ಮೇಲುಗೈಯಾದರೆ ಪ್ರತ್ಯಾಮ್ಲ, ಆಗ ಮಾತ್ರ ಕೆಂಪು. ಅಂಗಳದ ಹೊಸ ಸಂಪಿನ ಸಿಮೆಂಟು ಇನ್ನೂ ಹಸಿ, ಅದರ ಸುಣ್ಣವೇ ನೀರಿಗೆ ಬಿಟ್ಟಿದೆ ಎಂದೆ.

"ಹೆದರ್ಬೇಡಿ ಅತ್ತೆ. ಮಗೂಗೆ ಬಾವಿ ನೀರಲ್ಲೇ ಸ್ನಾನ ಮಾಡ್ಸಿ."

ಮಾಡಿಸಿದರು.

ಊಟಕ್ಕೆ ಕೂತಾಗ ಅತ್ತೆ ಕೇಳಿದರು: "ಅಲ್ಲ ಕಣೇ, ಆರತಿಗೆ ಸಂಪಿನ ನೀರು ಯಾರು ತಗೋತಾರೆ? ಬಾವೀಲಿ ಸೇದಿದ್ದೇ ಅದು."

ಊಟ ಬಿಟ್ಟು ಎದ್ದೆ. ಬಾವಿಯಿಂದ ಒಂದು ಚೊಂಬು ಸೇದಿ, ಚಿಟಿಕೆ ಅರಿಶಿನ ಉದುರಿಸಿದೆ. ಕೆಂಪು. ನಿನ್ನೆಯವರೆಗೆ ಕುಡಿದ ಬಾವಿ. ಯಾರು ಏನು ಸುರಿದರೋ!

ನಮ್ಮವರು ಕಾರು ತರಲು ಓಡಿದ್ದಾರೆ. ಮಗು ಅಳು ನಿಲ್ಲಿಸಿಲ್ಲ. ಸ್ನಾನಕ್ಕೆ ಹಚ್ಚಿದ ಅರಿಶಿನ ಅದರ ಕತ್ತಿನ ಮಡಿಕೆಗಳಲ್ಲಿ ಕೆಂಪಾಗಿ ಕೂತಿದೆ. ಕ್ಯಾನಿನ ನೀರಲ್ಲಿ ಎಷ್ಟು ತೊಳೆದರೂ ಹೋಗುತ್ತಿಲ್ಲ. ಅದು ಅರಿಶಿನವೋ, ಸುಟ್ಟ ಚರ್ಮವೋ