ಸುಗುಣಳಿಗೆ ಕೆಲಸ ಇದೆಯಂತೆ

೧೧ ಫೆಬ್ರವರಿ ೧೯೮೮, ಗುರುವಾರ. ಕೈಲಾಂಚ.

ಸೊಸೆಗೆ ಇಷ್ಟು ಬಾಯಿ ಇದೆಯೆಂದು ಇವತ್ತಿನವರೆಗೂ ನನಗೆ ಗೊತ್ತಿರಲಿಲ್ಲ.

ಯಾರಿಗೆ ಕೆಲಸ ಇದೆ, ಯಾರಿಗಿಲ್ಲ ಎಂದು ಬರೆದುಕೊಳ್ಳಲು ಸರ್ಕಾರದವನೊಬ್ಬ ಬಂದಿದ್ದ. ರೇಷ್ಮೆಹುಳು ಸಾಕುವಾಗ ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಜಗಲಿಯಲ್ಲೇ ಕೂರಿಸಿದೆ. ಎಂದಿನಂತೆ ಎಲ್ಲರ ಪರವಾಗಿ ನಾನೇ ಉತ್ತರ ಕೊಟ್ಟೆ. "ನಮ್ಮನೇಲಿ ಕೆಲ್ಸ ಇಲ್ದೋರು ಯಾರೂ ಇಲ್ಲ ಕಣಪ್ಪ."

ಹುಳುವಿಗೆ ಸೊಪ್ಪು ಹಾಕುತ್ತಿದ್ದ ಸುಗುಣ ಒಳಗಿನಿಂದಲೇ ಕೂಗಿದಳು: "ನಾನಿಲ್ವಾ ಅತ್ತೆ? ಟೀಚರ್ ಟ್ರೈನಿಂಗ್ ಮುಗ್ಸಿ ಮೂರ್ ವರ್ಸಾಯ್ತು, ಇನ್ನೂ ಅರ್ಜಿ ಹಾಕ್ತಾನೇ ಇವ್ನಿ. ಬರ್ಕೊಳಿ ಸಾ!"

"ದಿನಾ ಸೊಪ್ಪು ಹಾಕ್ತೀರಲ್ಲಮ್ಮ, ಹಂಗಾರೆ ನೀವು ಕೆಲ್ಸ ಇರೋರೇ" ಎಂದ ಅವನು.

"ಒಂದ್ ಕಾಸೂ ಸಂಬ್ಳ ಇಲ್ದಿದ್ರೂವಾ?"

"ಇಲ್ದಿದ್ರೂವೆ. ಮನೆ ಬೇಸಾಯದಲ್ಲಿ ದುಡಿದ್ರೂ ಕೆಲ್ಸಾನೇ. ನಿರುದ್ಯೋಗಿ ಅಂತ ಬರಿಯೋಕಾಗಲ್ಲ."

ಆಗ ಗೆದ್ದೆ ಅನ್ನಿಸಿತು. ಸೊಸೆಗೆ ಅನ್ನ ಹಾಕಲಾರದೆ ದುಡಿಯಲು ಕಳಿಸಿದರು ಎಂದು ಊರು ಆಡಿಕೊಳ್ಳಬಾರದು. ಆದರೆ ಅವಳು ಊಟಕ್ಕೆ ಬಡಿಸುವಾಗ ಮುಖ ನೋಡಿದೆ. ಓದಿದ ಕೆಲಸ ಸಿಕ್ಕಿಲ್ಲ. ಸಿಗದವರ ಲೆಕ್ಕದಲ್ಲೂ ಅವಳಿಲ್ಲ. ಅಲ್ಲಿಂದ ಅವಳನ್ನು ಅಳಿಸಿದ್ದು ನಾನು ಹೊರಿಸಿದ ಸೊಪ್ಪಿನ ಹೊರೆ.

ಕನಕಪುರದ ಶಾಲೆಯೊಂದರಲ್ಲಿ ಮೇಷ್ಟ್ರ ಜಾಗ ಖಾಲಿ ಇದೆ, ಕೇಳಿ ಬರುತ್ತೇನೆ ಎಂದಿದ್ದಳು. ಹುಳು ಬಿಟ್ಟು ಎಲ್ಲಿಗೂ ಹೋಗಕೂಡದು ಎಂದು ಮೊನ್ನೆ ಗದರಿದ್ದೆ. ನಾಳೆ ಹೋಗಲಿ. ಸೊಪ್ಪು ನಾನು ಹಾಕುತ್ತೇನೆ. ಹೇಳುವುದನ್ನು ಮಾತ್ರ ಗದರಿಯೇ ಹೇಳಬೇಕು, ಇಲ್ಲದಿದ್ದರೆ ಅವಳು ಅತ್ತೆ ಸೋತಳು ಅಂದುಕೊಂಡಾಳು.